ಹತ್ತರ ಗುಳಿಗಿ

ರಾತ್ರಿ ಹನ್ನೆರಡರ ಮ್ಯಾಲ ಹೊಟ್ಟಿಗಿ ಏನೂ ಬ್ಯಾಡ,
ಗುಟುಕು ನೀರೂ ಬ್ಯಾಡ, ಅಂದು
ಮಂಚದ ತಲಿಗಿ ಚೀಟಿ ಕಟ್ಟಿ ಹೋದಳು ಸಿಸ್ಟರ್.
ತಂಗೀ, ನಾ ಓದಿದಾಕಿ ಅಲ್ಲ,
ಖರೇ ನಮ್ಮವರ ಗಡಿಯಾರ ನಾನು.

ಆರಕ್ಕೊಂದು, ಹತ್ತಕ್ಕೊಂದು, ಎರಡಕ್ಕೊಂದು,
ಸಂಜಿ ಆರಕ್ಕ ಒಂದೂವರಿ.
ಒಂಬತ್ತು ವರ್ಷಾತು.
ಅರ್ಧ ತಾಸು ತಡಾ ಆದ್ರ ಹೆಜ್ಜಿ ನೆಲಾ ಬಿಡಂಗಿಲ್ಲ,
ತಾಸು ಆದ್ರ ಮಾತು ಒಳಗೇ ಕೂಡತದ,
ಎರಡು ತಾಸಿಗಿ ತನ್ನ ಉಗುಳು ತಾನು ನುಂಗೋದೂ
ಮರೀತದ ಗಂಟಲು.
ನೀವು ಉಪಾಸ ಅಂತೀರಿ.
ಶಿವರಾತ್ರಿಗೂ ತಪ್ಪಿಸಿಲ್ಲ ನಾ ಗುಳಿಗಿ,
ಶಿವ ಏನೂ ಅಂದಿಲ್ಲ.

ಕಲಬುರಗಿ ಗಂಜಿನಾಗ ತೂಕದ ಕೈ ಇದು.
ತೊಗರಿ ಚೀಲದ ಮುಂದ ತಕ್ಕಡಿ ಹಿಡಿದು ನಿಂತ್ರ
ಮುಳ್ಳು ನಡುವ ಬಂದು ಸುಮ್ಕ ನಿಂದರತಿತ್ತು,
ಸಾಲ್ಯಾಗಿನ ಹುಡುಗನಂಗ.
ಆ ಕೈಯೇ ಮೊದಲ ನಡುಗಿದ್ದು.
ರೋಗ ಅಂತ ಯಾರಿಗಿ ಗೊತ್ತು.
ಸೇಟು ಅಂದ: ಸಾಯಬಣ್ಣಾ, ಕಾಳು ಉಡಿಗಿ ಜಾರಸ್ಲಕತ್ತಿ.
ಜಾರಸಿರಲಿಲ್ಲ. ಕಾಳು ತಾವೇ ಜಿಗೀತಿದ್ವು.
ಆ ಮಾತು ಇನ್ನಾ ಇವರ ಎದ್ಯಾಗ ಮುರಕೊಂಡು ಕುಂತದ;
ಎಕ್ಸರೇದಾಗ ಕಂಡದ್ದು ಚಪ್ಪಿ ಎಲುಬು ಒಂದೇ.

ಬೇಹೋಷ್ ಮಾಡೋ ಡಾಕ್ಟರು ಅಂತ ಬಂದಾಕಿ ಸಣ್ಣ ಹುಡುಗಿ,
ಅಫ್ಜಲಪುರದಾಕಿ. ಸ್ಟೂಲ್ ಎಳಕೊಂಡು ಕುಂತಳು.
ಅವ್ವಾ, ಸುಳ್ಳು ಹೇಳಂಗಿಲ್ಲ, ಅಂದಳು.
ಎದಿ ಬಿಗದದ, ಉಸಿರು ತಾನಾಗೇ ತೆರೀಲಕ್ಕ ತಡಾ ಆಗಬಹುದು.
ಉಗುಳು ಪುಪ್ಪುಸಕ್ಕ ಇಳೀಬಹುದು.
ಎಚ್ಚರಾದ ಮ್ಯಾಲ ಇಲ್ಲದವರು ಕಾಣಬಹುದು.
ಬೆನ್ನಿಗಿ ಸೂಜಿ ಹಾಕಿ ಕೆಳಗಷ್ಟೇ ಮಲಗಸ್ತೀನಿ,
ಬೆನ್ನು ಬಾಗಲಿಲ್ಲಂದ್ರ ಪೂರಾ ಮಲಗಸಬೇಕು.
ಗುಳಿಗಿ? ಅಂದೆ.
ಆರರದು ಎರಡು ಚಮಚ ನೀರಾಗ ಕೊಡು, ನಾ ಬರೀತೀನಿ.
ಕೆಂಪು ಪೆನ್ನಿಲೆ ಫೈಲಿನ ಮ್ಯಾಲ
ಎರಡು ಔಷಧದ ಹೆಸರು ಬರದು ಅಡ್ಡ ಗೀಟು ಹಾಕಿದಳು:
ವಾಂತಿಗಿ ಇದು ಬ್ಯಾಡ, ಹುಚ್ಚು ಎದ್ರ ಇದು ಬ್ಯಾಡ.
ನಾ ಹೆಬ್ಬಟ್ಟು ಒತ್ತಿದೆ.
ಎರಡನೇ ಹೆಸರಿನ ಮೊದಲನೇ ಅಕ್ಷರ
ಒಂದೇ ಮೆಟ್ಟಿಲಿನ ನಿಚ್ಚಣಿಕಿ ಹಂಗಿತ್ತು.

ಏಳಕ್ಕ ಅಂದಿದ್ರು.
ಜೇವರ್ಗಿ ರೋಡಿನ ಆಕ್ಸಿಡೆಂಟು ಮುಂದ ಹೋಯ್ತು,
ಒಂಬತ್ತೂವರಿಗಿ ಇವರನ್ನ ಒಯ್ದರು.
ಬೆನ್ನು ಬಾಗಲಿಲ್ಲಂತ.
ಹತ್ತರ ಗುಳಿಗಿ ಮುಷ್ಟ್ಯಾಗ ಹಿಡಕೊಂಡು ಕುಂತೆ.
ಹತ್ತಾತು, ಹನ್ನೊಂದಾತು.
ಬೆವರಿಗಿ ಗುಳಿಗಿ ಬಣ್ಣ ಬಿಡ್ತು, ಅಂಗೈ ಹಳದಿ.

ಹೊರಗ ತಂದಾಗ ಕೈ ಸುಮ್ಕ ಇತ್ತು.
ಒಂಬತ್ತು ವರ್ಷದಾಗ ಮೊದಲ ಸಲ.
ಐದೂ ಬೆರಳು ತಣ್ಣಗ. ಮುಳ್ಳು ನಡುವ.
ನನಗ ಖುಷಿ ಆಗಬೇಕಿತ್ತು.
ಆ ಕೈ ಹಿಡದು ಅಲುಗಾಡಿಸಿದೆ, ಬೈದೆ:
ನಡುಗು, ನನ್ನಪ್ಪಾ, ನಡುಗು.
ನಳಿ ಹಾಕಿ ಮೂಗಿನಾಗಿಂದ ಗುಳಿಗಿ ಪುಡಿ ಇಳಿಸಿದರು.
ಹೊತ್ತು ಮುಳುಗೋ ಮುಂದ ಹೆಬ್ಬೆರಳು ಒಂದು
ಕಾಳು ಹಿಸುಕಿ ನೋಡಿದಂಗ ಮಾಡ್ತು.
ಅಲ್ಲೇ ನೆಲಕ್ಕ ಕುಂತುಬಿಟ್ಟೆ.

ರಾತ್ರಿ ಪೂರಾ ತೊಗರಿ ತೂಗಿದರು, ಗಾಳ್ಯಾಗ.
ಹಾಸಗಿ ತುಂಬ ಕಾಳು ಅವ, ಆರಸು, ಅಂದರು.
ಆರಿಸಿದೆ.
ಸೇಟು ಬಾಗಲದಾಗ ನಿಂತಾನ, ಅಂದರು.
ಕಳಸಿ ಬಂದೆ.
ಡ್ಯೂಟಿ ಹುಡುಗ ಸೂಜಿ ತಂದ, ಇದಕ್ಕ ಸುಮ್ಕ ಆಗತಾರ ಅಂತ.
ಬಾಟ್ಲಿ ತೋರಸಪಾ ಅಂದೆ.
ಸಣ್ಣ ಬಾಟ್ಲಿ, ಅದರ ಮ್ಯಾಲ ನಿಚ್ಚಣಿಕಿ.
ಫೈಲು ಬಿಚ್ಚಿ ಕೆಂಪು ಗೀಟಿನ ಮ್ಯಾಲ ಬೆರಳಿಟ್ಟೆ.
ಅವ ಹಣಿ ಒರಸಕೊಂಡು ಹೋದ.

ನಸುಕಿನ್ಯಾಗ ಅಫ್ಜಲಪುರದಾಕಿ ಬಂದು
ಚಮಚ ನೀರು ನುಂಗಿಸಿ, ಎದಿಗಿ ಕಿವಿಗೊಟ್ಟು, ನಳಿ ತೆಗದಳು.
ಇವರು ಕಣ್ಣು ಬಿಟ್ಟು ನನ್ನ ನೋಡಿದರು, ಅಥವಾ ನನ್ನ ಹಿಂದಿನ ಗೋಡಿ.
ಎಷ್ಟಾತು? ಅಂದರು.
ತೂಕ ಕೇಳಿದರೋ, ವ್ಯಾಳ್ಯಾ ಕೇಳಿದರೋ.
ಆರಾತು, ಅಂದೆ.
ಬಾಯಿ ತೆರೀರಿ.